ಹಿಂದಿರುಗುವ ಬಿಲ್ಲಿಗೂ ದಾರಿ ಬೇಕು: ದತ್ತಾಂಶ ಪ್ರವಾಹದಲ್ಲಿ ಮರುಸುತ್ತಿನ ಅಗತ್ಯ

ಬಾಗಲಗುಂಟೆ, ದಾಸರಹಳ್ಳಿ ಮತ್ತು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ಬಿಡಿಭಾಗವೊಂದು ಕಚ್ಚಾ ಲೋಹದಿಂದ ಗ್ರಾಹಕನ ಗೋದಾಮಿನವರೆಗೆ ಒಂದೇ ನೇರದಲ್ಲಿ ಸಾಗುವುದು ಅಪರೂಪ. ಲೇತ್ ಯಂತ್ರದಿಂದ ಇಳಿದ ಮಾಲು ಹೀಟ್ ಟ್ರೀಟ್‌ಮೆಂಟಿಗೆ ಒಂದು ಘಟಕಕ್ಕೂ ಪ್ಲೇಟಿಂಗಿಗೆ ಇನ್ನೊಂದು ಘಟಕಕ್ಕೂ ಹೋಗಿ ಬರುತ್ತದೆ. ತಪಾಸಣೆಯಲ್ಲಿ ಅಳತೆ ತಪ್ಪಿದ್ದು ಕಂಡುಬಂದರೆ ಮತ್ತೆ ಅದೇ ಯಂತ್ರದ ಮುಂದೆ ಬಂದು ಕೂರುತ್ತದೆ. ಇದಕ್ಕೆ ರೀವರ್ಕ್ ಎಂಬ ಹೆಸರಿದೆ, ಅದಕ್ಕೊಂದು ಟ್ರೇ ಇದೆ, ಅದರ ಲೆಕ್ಕ ಬರೆಯಲು ಒಂದು ಪುಸ್ತಕವೂ ಇದೆ. ಮರಳಿ ಬರುವ ಮಾಲಿಗೆ ಜಾಗವನ್ನೇ ಇಡದೆ ಕಾರ್ಖಾನೆ ಕಟ್ಟುವ ಉದ್ಯಮಿ ಯಾರೂ ಇಲ್ಲ.

ಆದರೆ ಅದೇ ಉದ್ಯಮಿಯ ಬಿಲ್ಲುಗಳನ್ನು, ಪಾವತಿಗಳನ್ನು ಮತ್ತು ತೆರಿಗೆ ವಿವರಗಳನ್ನು ಹೊತ್ತು ಸಾಗುವ ಗಣಕ ವ್ಯವಸ್ಥೆಗಳು ಬಹುಕಾಲದಿಂದ ಒಂದೇ ದಿಕ್ಕಿನ ಹರಿವನ್ನು ನಂಬಿಕೊಂಡು ನಿಂತಿವೆ. ಮುಂದೆ ಹೋದ ಕಾಗದ ತಪ್ಪೆಂದು ತಿಳಿದಾಗ ಅದು ಹಿಂದಿರುಗಿ, ತಿದ್ದಿಸಿಕೊಂಡು, ಮತ್ತೆ ಹರಿವಿಗೆ ಸೇರುವ ದಾರಿಯನ್ನು ಎಷ್ಟು ವ್ಯವಸ್ಥೆಗಳು ಒದಗಿಸಿವೆ ಎಂಬುದು ತಂತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಸಣ್ಣ ತಯಾರಕನ ದುಡಿಮೆಯ ಬಂಡವಾಳ ಎಷ್ಟು ದಿನ ಸಿಕ್ಕಿಬೀಳುತ್ತದೆ ಎಂಬುದು ಇದೇ ಪ್ರಶ್ನೆಗೆ ಅಂಟಿಕೊಂಡಿದೆ.

ಹರಿವಿನ ಸಂಸ್ಕರಣೆ ಎಂದರೇನು?

ಹಿಂದಿನ ಪದ್ಧತಿಯಲ್ಲಿ ತಿಂಗಳ ಬಿಲ್ಲುಗಳನ್ನೆಲ್ಲ ಕಟ್ಟುಕಟ್ಟಿ ಇಟ್ಟುಕೊಂಡು ಕೊನೆಯಲ್ಲಿ ಒಂದೇ ಬಾರಿಗೆ ಲೆಕ್ಕ ಹಾಕಲಾಗುತ್ತಿತ್ತು. ದತ್ತಾಂಶ ಪ್ರವಾಹ ಸಂಸ್ಕರಣೆಯ ವೇದಿಕೆಗಳು ಇದಕ್ಕಿಂತ ಭಿನ್ನ. ಪ್ರತಿಯೊಂದು ನಮೂದೂ ಹುಟ್ಟಿದ ಕ್ಷಣದಲ್ಲಿಯೇ ವ್ಯವಸ್ಥೆಯನ್ನು ಪ್ರವೇಶಿಸಿ, ಒಂದು ಹಂತದಿಂದ ಮುಂದಿನ ಹಂತಕ್ಕೆ ಹರಿಯುತ್ತದೆ. 2011ರಲ್ಲಿ ಲಿಂಕ್ಡ್‌ಇನ್ ಸಂಸ್ಥೆ ಕಾಫ್ಕಾವನ್ನೂ ಟ್ವಿಟರ್ ಸಂಸ್ಥೆ ಸ್ಟಾರ್ಮನ್ನೂ ಮುಕ್ತ ತಂತ್ರಾಂಶವಾಗಿ ಹೊರತಂದವು. ಆ ಬಳಿಕ ಬಂದ ಫ್ಲಿಂಕ್ ಮೊದಲಾದವು ಈ ಪದ್ಧತಿಯನ್ನು ವ್ಯಾಪಕಗೊಳಿಸಿದವು.

ಹರಿವು ಮುಂದಕ್ಕೆ ಮಾತ್ರ ಇದ್ದಾಗ ಕೆಲಸ ಸುಲಭ. ಸುತ್ತು ಬಂದಾಗ ಮೂರು ತೊಡಕುಗಳು ಎದುರಾಗುತ್ತವೆ. ಮೂರೂ ಕಾರ್ಖಾನೆ ನಡೆಸುವವರಿಗೆ ಪರಿಚಿತವೇ.

ಮೊದಲನೆಯದು, ಕೆಲಸ ಯಾವಾಗ ಮುಗಿಯಿತೆಂದು ಹೇಳುವುದು. ನೂರು ಬಿಡಿಭಾಗಗಳ ಆರ್ಡರಿನಲ್ಲಿ ತೊಂಬತ್ತು ಹೊರಟು ಹತ್ತು ರೀವರ್ಕಿನಲ್ಲಿದ್ದರೆ ಆರ್ಡರ್ ಮುಗಿದಿಲ್ಲ. ಆ ಹತ್ತರಲ್ಲಿ ಎರಡು ಮತ್ತೆ ಮರಳಿದರೆ ಇನ್ನೂ ಮುಗಿದಿಲ್ಲ. ಮೈಕ್ರೋಸಾಫ್ಟ್ ಸಂಶೋಧಕರು 2013ರಲ್ಲಿ ಪ್ರಕಟಿಸಿದ ನಯಾಡ್ ಎಂಬ ವ್ಯವಸ್ಥೆ ಇದಕ್ಕೆ ಒಂದು ಅಚ್ಚುಕಟ್ಟಾದ ಉತ್ತರ ನೀಡಿತು. ಪ್ರತಿ ನಮೂದಿನ ಮೇಲೂ ಅದು ಯಾವ ಕಂತಿನದು ಮತ್ತು ಎಷ್ಟನೆಯ ಸುತ್ತಿನಲ್ಲಿದೆ ಎಂಬ ಎರಡು ಸಂಖ್ಯೆಗಳನ್ನು ಬರೆಯುವುದೇ ಆ ಉತ್ತರ. ಒಂದು ಕಂತಿಗೆ ಸೇರಿದ ನಮೂದು ಯಾವ ಸುತ್ತಿನಲ್ಲೂ ಉಳಿದಿಲ್ಲವೆಂದು ಖಚಿತವಾದಾಗ ಆ ಕಂತು ಮುಗಿದಂತೆ. ಜಾಬ್ ಕಾರ್ಡಿನಲ್ಲಿ ಲಾಟ್ ಸಂಖ್ಯೆಯ ಪಕ್ಕದಲ್ಲಿ ರೀವರ್ಕ್ ಸಂಖ್ಯೆಯನ್ನೂ ಬರೆದಂತೆ ಇದು. ಹಳೆಯ ಕಂತು ಸುತ್ತುತ್ತಿರುವಾಗಲೇ ಹೊಸ ಕಂತು ಒಳಬರಲು ಇದರಿಂದ ಅಡ್ಡಿಯಾಗುವುದಿಲ್ಲ.

ಎರಡನೆಯದು ದಾಸ್ತಾನು ಎಣಿಕೆಯ ತೊಡಕು. ವಿದ್ಯುತ್ ಹೋದರೂ ಯಂತ್ರ ಕೆಟ್ಟರೂ ಲೆಕ್ಕ ಕಳೆದುಹೋಗದಂತೆ ಈ ವೇದಿಕೆಗಳು ಆಗಾಗ್ಗೆ ತಮ್ಮ ಸ್ಥಿತಿಯ ಪ್ರತಿಯೊಂದನ್ನು ತೆಗೆದಿಡುತ್ತವೆ. ಆ ಎಣಿಕೆಯ ಹೊತ್ತಿನಲ್ಲಿ ಮರುಸುತ್ತಿನ ದಾರಿಯಲ್ಲಿರುವ ನಮೂದುಗಳು ಯಾವ ಹಂತದ ಪುಸ್ತಕಕ್ಕೂ ಸೇರದೆ ತಪ್ಪಿಹೋಗಬಹುದು. ಪ್ಲೇಟಿಂಗಿಗೆ ಹೋದ ಮಾಲು ವರ್ಷಾಂತ್ಯದ ಎಣಿಕೆಯಲ್ಲಿ ಎರಡೂ ಕಡೆ ಬಿಟ್ಟುಹೋಗುವುದು ಇದೇ ಬಗೆಯದು. ಫ್ಲಿಂಕಿನಲ್ಲಿ ಹರಿವಿನ ಸುತ್ತಿಗೆ ಸೌಲಭ್ಯವಿತ್ತಾದರೂ, ವ್ಯವಸ್ಥೆ ಕುಸಿದರೆ ಸುತ್ತಿನ ದಾರಿಯಲ್ಲಿರುವ ನಮೂದುಗಳು ಕಳೆದುಹೋಗುತ್ತವೆ ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲಿಯೇ ಇತ್ತು. ಕೊನೆಗೆ 2025ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಲಾಯಿತು. ಸುತ್ತಿನ ಅಗತ್ಯ ಇದ್ದವರಿಗೆ ಅದಕ್ಕಾಗಿಯೇ ರೂಪಿಸಿದ ಪ್ರತ್ಯೇಕ ಸಾಧನವನ್ನು ತೋರಿಸಲಾಯಿತು. ಅರೆಬರೆ ಆಧಾರದ ಮೇಲೆ ನಿಂತ ಸುತ್ತು ಸುತ್ತೇ ಇಲ್ಲದಿರುವುದಕ್ಕಿಂತ ಅಪಾಯಕಾರಿ ಎಂಬುದು ಇದರಿಂದ ಸಿಗುವ ಪಾಠ.

ಮೂರನೆಯದು ದಟ್ಟಣೆ. ಮರಳಿ ಬಂದ ಮಾಲಿನ ಟ್ರೇಗಳೇ ಯಂತ್ರದ ಮುಂದೆ ತುಂಬಿಕೊಂಡರೆ ಹೊಸ ಮಾಲಿಗೆ ಜಾಗವಿಲ್ಲ. ಹೊಸ ಮಾಲನ್ನೇ ಮುಂದೆ ತಳ್ಳಿದರೆ ಮರಳಿ ಬಂದದ್ದು ಎಂದೂ ಮುಗಿಯುವುದಿಲ್ಲ. ಸುತ್ತಿನಲ್ಲಿರುವ ಎಲ್ಲ ಹಂತಗಳೂ ತುಂಬಿ, ಪ್ರತಿಯೊಂದೂ ಮುಂದಿನದು ಖಾಲಿಯಾಗಲೆಂದು ಕಾಯುತ್ತಾ ನಿಂತರೆ ಇಡೀ ವ್ಯವಸ್ಥೆ ಸ್ತಬ್ಧವಾಗುತ್ತದೆ. ಮೂವರು ವ್ಯಾಪಾರಿಗಳು ಒಬ್ಬರಿಗೊಬ್ಬರು ಬಾಕಿ ಉಳಿಸಿಕೊಂಡು, ಮೂವರೂ ಹಣ ಬಂದ ಮೇಲೆ ಕೊಡುತ್ತೇನೆಂದು ಕುಳಿತಂತೆ.

ತೆರಿಗೆ ಜಾಲದ ಅನುಭವ

ಈ ಮೂರೂ ತೊಡಕುಗಳು ಒಟ್ಟಿಗೆ ಕಾಣಿಸಿಕೊಂಡ, ದೇಶದ ಪ್ರತಿಯೊಬ್ಬ ನೋಂದಾಯಿತ ವ್ಯಾಪಾರಿಯೂ ಬಲ್ಲ ಉದಾಹರಣೆ ಎಂದರೆ ಸರಕು ಮತ್ತು ಸೇವಾ ತೆರಿಗೆಯ ಜಾಲ. ಅದನ್ನು ತಂತ್ರಜ್ಞರ ಕಟ್ಟುನಿಟ್ಟಾದ ಅರ್ಥದಲ್ಲಿ ಪ್ರವಾಹ ಸಂಸ್ಕರಣಾ ವೇದಿಕೆ ಎನ್ನಲಾಗದು. ಆದರೂ ನಿರಂತರವಾಗಿ ಬರುವ ಇನ್‌ವಾಯ್ಸ್‌ಗಳನ್ನು ಮಾರಾಟಗಾರನಿಂದ ಖರೀದಿದಾರನತ್ತ ಹರಿಸಿ, ತಾಳೆಯಾಗದ್ದನ್ನು ಹಿಂದಿರುಗಿಸುವ ಸಮಸ್ಯೆ ಅಲ್ಲಿಯೂ ಅದೇ. ಅದರ ತಂತ್ರಾಂಶ ನಿರ್ಮಾಣದ ಗುತ್ತಿಗೆ 2015ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಗೆ ದೊರೆತಿತ್ತು. ಇ-ವೇ ಬಿಲ್ ಪದ್ಧತಿಯನ್ನು ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಜಾರಿಗೊಳಿಸಿದ ರಾಜ್ಯವೂ ಕರ್ನಾಟಕವೇ.

2017ರ ಜುಲೈ 1ರಂದು ತೆರಿಗೆ ಜಾರಿಗೆ ಬಂದಾಗ ಮೂಲ ವಿನ್ಯಾಸದಲ್ಲಿ ಪೂರ್ಣ ಸುತ್ತೊಂದು ಇತ್ತು. ಮಾರಾಟಗಾರನು ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕು. ಖರೀದಿದಾರನು ಅದನ್ನು ನೋಡಿ, ತಿದ್ದಿ, 15ರೊಳಗೆ ಜಿಎಸ್‌ಟಿಆರ್-2 ಸಲ್ಲಿಸಬೇಕು. ಆ ತಿದ್ದುಪಡಿಗಳು ಜಿಎಸ್‌ಟಿಆರ್-1ಎ ಮೂಲಕ ಮಾರಾಟಗಾರನಿಗೆ ಮರಳಿ, ಅವನು ಒಪ್ಪಿದ ಬಳಿಕ 20ರೊಳಗೆ ಜಿಎಸ್‌ಟಿಆರ್-3 ಆಗಬೇಕು. ಕಾಗದದ ಮೇಲೆ ಇದು ಸುಂದರ. ಆದರೆ ಮೇಲೆ ಹೇಳಿದ ಮೂರನೆಯ ತೊಡಕನ್ನು ಅದು ಗಮನಿಸಿರಲಿಲ್ಲ. ಒಂದು ಹಂತ ಮುಗಿಯದೆ ಮುಂದಿನದು ತೆರೆಯದಂತೆ ಎಲ್ಲವನ್ನೂ ಸರಪಳಿಯಾಗಿ ಕಟ್ಟಲಾಗಿತ್ತು. ಹತ್ತು ಬಿಲ್ಲುಗಳ ತಕರಾರು ಸಾವಿರ ಬಿಲ್ಲುಗಳ ರಿಟರ್ನನ್ನು ತಡೆಹಿಡಿಯುತ್ತಿತ್ತು. ಜುಲೈ ತಿಂಗಳ ಜಿಎಸ್‌ಟಿಆರ್-2ರ ಗಡುವು ಹಂತಹಂತವಾಗಿ ಮುಂದೆ ಹೋಗಿ ನವೆಂಬರ್ 30ಕ್ಕೆ ತಲುಪಿತು. 2017ರ ನವೆಂಬರ್ 10ರಂದು ಗುವಾಹಟಿಯಲ್ಲಿ ನಡೆದ ಮಂಡಳಿಯ 23ನೆಯ ಸಭೆ ಜಿಎಸ್‌ಟಿಆರ್-2 ಮತ್ತು 3ನ್ನು ಅಮಾನತಿನಲ್ಲಿಟ್ಟಿತು. ತಾತ್ಕಾಲಿಕವೆಂದು ತಂದಿದ್ದ ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ಪತ್ರವೇ ಕಾಯಂ ಆಗಿ ಉಳಿಯಿತು.

ಸುತ್ತನ್ನು ಕೈಬಿಟ್ಟಾಗ ವ್ಯಾಪಾರಿ ವಲಯ ನಿಟ್ಟುಸಿರು ಬಿಟ್ಟಿದ್ದು ನಿಜ. ಆದರೆ ವ್ಯವಸ್ಥೆಯಿಂದ ತೆಗೆದುಹಾಕಿದ ಮಾತ್ರಕ್ಕೆ ಸುತ್ತು ಇಲ್ಲವಾಗುವುದಿಲ್ಲ. ಅದು ವ್ಯಾಪಾರಿಯ ಹೆಗಲಿಗೆ ವರ್ಗವಾಗುತ್ತದೆ. ಮುಂದಿನ ವರ್ಷಗಳಲ್ಲಿ ಆದದ್ದು ಅದೇ. 2019ರ ಅಕ್ಟೋಬರಿನಲ್ಲಿ ಬಂದ ನಿಯಮವು, ಮಾರಾಟಗಾರ ತೋರಿಸದ ಬಿಲ್ಲುಗಳ ಮೇಲಿನ ಇನ್‌ಪುಟ್ ಕ್ರೆಡಿಟ್ಟನ್ನು ತೋರಿಸಿದ ಮೊತ್ತದ ಶೇ. 20ಕ್ಕೆ ಮಿತಿಗೊಳಿಸಿತು. 2020ರ ಜನವರಿಯಿಂದ ಅದು ಶೇ. 10, 2021ರ ಜನವರಿಯಿಂದ ಶೇ. 5. 2022ರ ಜನವರಿ 1ರಿಂದ ಜಿಎಸ್‌ಟಿಆರ್-2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ಟೇ ಇಲ್ಲ. ಅಂದರೆ ತಾಳೆ ಕಡ್ಡಾಯ, ತಾಳೆಯಾಗದ್ದನ್ನು ಹಿಂದಿರುಗಿಸಲು ಜಾಲದಲ್ಲಿ ದಾರಿ ಇಲ್ಲ. ಆ ದಾರಿಯ ಕೆಲಸವನ್ನು ದೂರವಾಣಿ ಕರೆಗಳು, ವಾಟ್ಸ್‌ಆ್ಯಪ್ ಸಂದೇಶಗಳು, ಎಕ್ಸೆಲ್ ಪಟ್ಟಿಗಳು ಮತ್ತು ಆಡಿಟರ ಕಚೇರಿಯ ಗುಮಾಸ್ತರು ಮಾಡಿದರು. ದೊಡ್ಡ ಕಂಪನಿಗಳು ಇದಕ್ಕಾಗಿ ತಂತ್ರಾಂಶ ಕೊಂಡವು, ಸಿಬ್ಬಂದಿಯನ್ನು ನೇಮಿಸಿದವು. ಐದಾರು ಜನರ ಘಟಕದಲ್ಲಿ ಈ ಕೆಲಸ ಮಾಲೀಕನ ರಾತ್ರಿಯ ಹೊತ್ತನ್ನು ತಿಂದಿತು.

ಏಳು ವರ್ಷಗಳ ಬಳಿಕ

2024ರಲ್ಲಿ ಸುತ್ತು ಮತ್ತೆ ಜಾಲದೊಳಕ್ಕೆ ಬಂದಿತು. ಆ ವರ್ಷದ ಜುಲೈ ತೆರಿಗೆ ಅವಧಿಯಿಂದ ಹೊಸ ರೂಪದ ಜಿಎಸ್‌ಟಿಆರ್-1ಎ, ಅಕ್ಟೋಬರಿನಿಂದ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆ ಜಾರಿಗೆ ಬಂದವು. ಖರೀದಿದಾರನು ತನ್ನ ಹೆಸರಿಗೆ ಬಂದ ಪ್ರತಿ ಇನ್‌ವಾಯ್ಸನ್ನು ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇಡಬಹುದು. ಏನನ್ನೂ ಮಾಡದಿದ್ದರೆ ಒಪ್ಪಿದಂತೆ ಎಣಿಸಲಾಗುತ್ತದೆ. 14ರಂದು ಜಿಎಸ್‌ಟಿಆರ್-2ಬಿಯ ಕರಡು ಸಿದ್ಧವಾಗುತ್ತದೆ. ಆ ಬಳಿಕ ನಿರ್ಧಾರ ಬದಲಿಸಿದರೆ 3ಬಿ ಸಲ್ಲಿಸುವ ಮುನ್ನ ಅದನ್ನು ಮರುಲೆಕ್ಕ ಮಾಡಿಸಬಹುದು.

2017ರ ವಿನ್ಯಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಈ ಸುತ್ತು ಹೊಸ ಹರಿವನ್ನು ತಡೆಯುವುದಿಲ್ಲ. ತಕರಾರಿನ ಬಿಲ್ಲು ಪಕ್ಕಕ್ಕೆ ಸರಿಯುತ್ತದೆ, ಉಳಿದವು ಮುಂದೆ ಹೋಗುತ್ತವೆ. ಮೌನವನ್ನು ಒಪ್ಪಿಗೆಯೆಂದು ಎಣಿಸುವುದರ ಬಗ್ಗೆ ಕೆಲವರಿಗೆ ಅಸಮಾಧಾನವಿದೆ. ಆದರೆ ಪ್ರತಿ ಬಿಲ್ಲಿಗೂ ಸ್ಪಷ್ಟ ಒಪ್ಪಿಗೆ ಬೇಕೆಂದಿದ್ದರೆ 2017ರ ದಟ್ಟಣೆಯೇ ಮರುಕಳಿಸುತ್ತಿತ್ತು. ಸುತ್ತಿಗೆ ಕೊನೆಯೊಂದನ್ನೂ ನಿಗದಿಪಡಿಸಲಾಗಿದೆ. ಬಾಕಿ ಇಟ್ಟ ಬಿಲ್ಲು ಅನಂತಕಾಲ ಸುತ್ತುವಂತಿಲ್ಲ. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅದರ ಅಂತಿಮ ಗಡಿ. ಜಾಬ್ ವರ್ಕಿಗೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ ಅದನ್ನು ಮಾರಾಟವೆಂದು ಪರಿಗಣಿಸುವ ಹಳೆಯ ನಿಯಮದ ಹಿಂದಿರುವುದೂ ಇದೇ ತತ್ತ್ವ.

ಕುಂದು ಎಲ್ಲಿದೆ?

ಇಷ್ಟಾದರೂ ಸುತ್ತಿನ ಬೆಲೆಯನ್ನು ತೆರುವವನು ಇಂದಿಗೂ ಸಣ್ಣ ಘಟಕದವನೇ. ಒಂದು ಸರಳ ಲೆಕ್ಕವನ್ನು ನೋಡಬಹುದು. ಬಾಗಲಗುಂಟೆಯ ಘಟಕವೊಂದು ಒಂದು ಲಕ್ಷ ರೂಪಾಯಿ ಬೆಲೆಯ ಕಚ್ಚಾ ಮಾಲನ್ನು ಶೇ. 18ರ ತೆರಿಗೆಯೊಂದಿಗೆ ಕೊಂಡಿತೆನ್ನೋಣ. ತೆರಿಗೆ 18,000 ರೂ. ಮಾರಾಟಗಾರನ ಗುಮಾಸ್ತನು ಒಂದು ಸೊನ್ನೆ ಬಿಟ್ಟು 10,000 ರೂಪಾಯಿ ಎಂದು ನಮೂದಿಸಿದರೆ ಜಾಲದಲ್ಲಿ ಕಾಣುವ ತೆರಿಗೆ 1,800 ರೂ. ಮಾತ್ರ. 14ರಂದು ಇದು ಗಮನಕ್ಕೆ ಬಂದು, ಮಾರಾಟಗಾರನು ಅದೇ ತಿಂಗಳಲ್ಲಿ ಜಿಎಸ್‌ಟಿಆರ್-1ಎ ಮೂಲಕ ಪ್ರಾಮಾಣಿಕವಾಗಿ ತಿದ್ದಿ, ಪೂರ್ಣ ತೆರಿಗೆಯನ್ನೂ ಕಟ್ಟುತ್ತಾನೆ. ಆದರೂ ಆ ತಿದ್ದುಪಡಿ ಖರೀದಿದಾರನ ಜಿಎಸ್‌ಟಿಆರ್-2ಬಿಗೆ ಸೇರುವುದು ಮುಂದಿನ ತೆರಿಗೆ ಅವಧಿಯಲ್ಲಿ. ಸರ್ಕಾರದ ಬೊಕ್ಕಸಕ್ಕೆ 18,000 ರೂ. ಬಂದಿದ್ದರೂ ಕೊಂಡವನ 16,200 ರೂ. ಒಂದು ಅವಧಿ ಕಾಯುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ, ಐದು ಕೋಟಿವರೆಗಿನ ವಹಿವಾಟಿನ ಘಟಕಕ್ಕೆ ಜಿಎಸ್‌ಟಿಆರ್-2ಬಿ ಸಿದ್ಧವಾಗುವುದೂ ಮೂರು ತಿಂಗಳಿಗೊಮ್ಮೆಯೇ. ಸರಳೀಕರಣವೆಂದು ಆಯ್ದುಕೊಂಡ ಪದ್ಧತಿ ಸುತ್ತಿನ ಅವಧಿಯನ್ನು ಮೂರು ಪಟ್ಟು ಉದ್ದವಾಗಿಸುತ್ತದೆ.

ಜಿಎಸ್‌ಟಿಆರ್-1ಎ ಸಲ್ಲಿಸಲು ಒಂದು ತೆರಿಗೆ ಅವಧಿಗೆ ಒಂದೇ ಅವಕಾಶ ಎಂಬುದು ಎರಡನೆಯ ಕುಂದು. ಮಿತಿ ಇರಬೇಕು ನಿಜ. ಆದರೆ ಒಂದೇ ಸುತ್ತಿನಲ್ಲಿ ಸರಿಯಾಗಲೇಬೇಕೆಂಬ ನಿಯಮವು, ಹಲವಾರು ಗ್ರಾಹಕರಿರುವ ತಯಾರಕನಿಗೆ ಕಟುವಾದದ್ದು. ಮೊದಲ ಗ್ರಾಹಕನ ತಕರಾರನ್ನು 12ರಂದು ತಿದ್ದಿ ಸಲ್ಲಿಸಿದವನು 17ರಂದು ಬಂದ ಇನ್ನೊಬ್ಬನ ತಕರಾರಿಗೆ ಏನನ್ನೂ ಮಾಡಲಾರ. ಕ್ರೆಡಿಟ್ ನೋಟಿನ ವಿಷಯವೂ ಹೀಗೆಯೇ. ಗ್ರಾಹಕನು ತಿಳಿಯದೆ ತಿರಸ್ಕರಿಸಿದರೂ ಆ ಮೊತ್ತ ಮಾರಾಟಗಾರನ ತೆರಿಗೆ ಹೊಣೆಗೆ ಮರಳಿ ಸೇರುತ್ತದೆ. 2025ರ ಅಕ್ಟೋಬರ್ ತೆರಿಗೆ ಅವಧಿಯಿಂದ ಕ್ರೆಡಿಟ್ ನೋಟನ್ನು ಒಂದು ಅವಧಿ ಬಾಕಿ ಇಡಲು ಅವಕಾಶ ನೀಡಿರುವುದು ಸ್ವಾಗತಾರ್ಹ. ಸುತ್ತನ್ನು ಬಳಸುವವರ ಅನುಭವದಿಂದಲೇ ಸುತ್ತು ಸುಧಾರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆಡಳಿತದ ಆತಂಕವನ್ನು ಅಲ್ಲಗಳೆಯಲಾಗದು. ತಿದ್ದುಪಡಿಗೆ ಬಾಗಿಲು ತೆರೆದಷ್ಟೂ ಖೊಟ್ಟಿ ಬಿಲ್ಲುಗಳ ಜಾಲಕ್ಕೆ ಅನುಕೂಲವೆಂಬ ಭಯ ಅದಕ್ಕಿದೆ. ಆದರೆ ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ, ಕೊನೆಗೆ ಮೊದಲಿನವನಿಗೇ ಮರಳುವ ವರ್ತುಲ ವ್ಯಾಪಾರವನ್ನು ಪತ್ತೆಹಚ್ಚುವ ಲೆಕ್ಕವೂ ಸುತ್ತುಗಳ ಲೆಕ್ಕವೇ. ಪ್ರತಿ ವ್ಯಾಪಾರಿಯ ಸಂಪರ್ಕಗಳನ್ನು ಮತ್ತೆ ಮತ್ತೆ ಹಿಂಬಾಲಿಸಿ, ಹೊಸದೇನೂ ಸೇರದಿರುವವರೆಗೆ ಸುತ್ತಿದಾಗಲೇ ವರ್ತುಲ ಕಾಣುವುದು. ಪ್ರತಿ ತಿದ್ದುಪಡಿಯೂ ಸುತ್ತಿನ ಸಂಖ್ಯೆ ಮತ್ತು ಕಾರಣದೊಂದಿಗೆ ಜಾಲದಲ್ಲಿಯೇ ದಾಖಲಾದರೆ ವಂಚಕನ ಹೆಜ್ಜೆ ಗುರುತು ಹೆಚ್ಚು ಸ್ಪಷ್ಟವಾಗುತ್ತದೆ. ತಿದ್ದುಪಡಿಗಳು ದೂರವಾಣಿಯಲ್ಲಿ ನಡೆದರೆ ಪ್ರಾಮಾಣಿಕನ ಬಳಿಯೂ ಪುರಾವೆ ಉಳಿಯುವುದಿಲ್ಲ.

ಕೇಳಬೇಕಾದುದು ಮತ್ತು ಮಾಡಬೇಕಾದುದು

ಆದುದರಿಂದ ವಾಣಿಜ್ಯ ಸಂಸ್ಥೆಗಳು ಮಂಡಳಿಯ ಮುಂದೆ ಇಡಬೇಕಾದ ಬೇಡಿಕೆ ಸುತ್ತನ್ನು ಕೈಬಿಡಿ ಎಂದಾಗಿರಬಾರದು. ಸುತ್ತನ್ನು ಪೂರ್ಣಗೊಳಿಸಿ ಎಂದಾಗಿರಬೇಕು. 3ಬಿ ಸಲ್ಲಿಕೆಯ ಮುನ್ನ ಆದ ತಿದ್ದುಪಡಿ ಅದೇ ಅವಧಿಯ ಜಿಎಸ್‌ಟಿಆರ್-2ಬಿಗೆ ಮರುಲೆಕ್ಕದ ಮೂಲಕ ಸೇರುವಂತಾಗಬೇಕು. ಮರುಲೆಕ್ಕದ ಸೌಲಭ್ಯ ಈಗಾಗಲೇ ಇರುವುದರಿಂದ ಇದು ಅಸಾಧ್ಯದ ಬೇಡಿಕೆಯೇನಲ್ಲ. ಜಿಎಸ್‌ಟಿಆರ್-1ಎಗೆ ಒಂದರ ಬದಲು ಎರಡು ಅಥವಾ ಮೂರು ಅವಕಾಶಗಳನ್ನು ನೀಡಬೇಕು. ತ್ರೈಮಾಸಿಕ ಪದ್ಧತಿಯ ಘಟಕಗಳಿಗೆ ಇಚ್ಛಿಸಿದಲ್ಲಿ ಪ್ರತಿ ತಿಂಗಳ ಜಿಎಸ್‌ಟಿಆರ್-2ಬಿ ದೊರೆಯಬೇಕು. ತಿರಸ್ಕರಿಸುವವನು ಕಾರಣವನ್ನು ತಿಳಿಸುವುದು ಕಡ್ಡಾಯವಾಗಬೇಕು.

ಸ್ವಂತ ಕಾರ್ಖಾನೆಯ ಲೆಕ್ಕದಲ್ಲಿಯೂ ಇದೇ ಶಿಸ್ತು ಸಲ್ಲುತ್ತದೆ. ಬಿಲ್ಲಿಂಗ್ ಅಥವಾ ಉತ್ಪಾದನಾ ತಂತ್ರಾಂಶವನ್ನು ಕೊಳ್ಳುವಾಗ ಮಾರುವವರು ತೋರಿಸುವುದು ಸಾಮಾನ್ಯವಾಗಿ ಮುಂದಕ್ಕೆ ಹರಿಯುವ ದಾರಿಯನ್ನೇ: ಆರ್ಡರ್, ಉತ್ಪಾದನೆ, ರವಾನೆ, ಬಿಲ್ಲು. ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು ಬೇರೆ. ಮರಳಿ ಬಂದ ಮಾಲು ಎಷ್ಟನೆಯ ಬಾರಿ ಮರಳಿತು ಎಂಬುದು ದಾಖಲಾಗುತ್ತದೆಯೇ? ಜಾಬ್ ವರ್ಕಿಗೆ ಹೋಗಿ ದಾರಿಯಲ್ಲಿರುವ ಮಾಲು ದಾಸ್ತಾನಿನ ಎಣಿಕೆಯಲ್ಲಿ ಕಾಣುತ್ತದೆಯೇ? ತಿದ್ದುಪಡಿಯ ಬಿಲ್ಲು ಬಾಕಿ ಇದ್ದಾಗ ಹೊಸ ಬಿಲ್ಲುಗಳು ನಿಲ್ಲುತ್ತವೆಯೇ, ಮುಂದುವರಿಯುತ್ತವೆಯೇ? ಮೂರು ಸುತ್ತಾದರೂ ಸರಿಯಾಗದ್ದನ್ನು ಪ್ರತ್ಯೇಕಿಸಿ ಮಾಲೀಕನ ಮುಂದೆ ಇಡುವ ಪಟ್ಟಿ ಇದೆಯೇ? ಕಾಫ್ಕಾದಂತಹ ವೇದಿಕೆಗಳನ್ನು ಬಳಸುವ ದೊಡ್ಡ ಸಂಸ್ಥೆಗಳಲ್ಲಿ ಈ ಕೊನೆಯ ಪದ್ಧತಿ ಸಾಮಾನ್ಯ: ವಿಫಲವಾದ ನಮೂದನ್ನು ಕೆಲವು ಬಾರಿ ಮರುಪ್ರಯತ್ನದ ಸರದಿಗೆ ಕಳುಹಿಸಿ, ಆಗಲೂ ಆಗದಿದ್ದರೆ ಮನುಷ್ಯನ ಪರಿಶೀಲನೆಗೆ ತೆಗೆದಿಡಲಾಗುತ್ತದೆ. ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಜಾಬ್ ಕಾರ್ಡಿನಲ್ಲಿ ಸುತ್ತಿನ ಸಂಖ್ಯೆಗೆ ಒಂದು ಅಂಕಣವನ್ನು ಸೇರಿಸಿ, ಪ್ರತಿ ತಿಂಗಳ 11ರಿಂದ 20ರವರೆಗೆ ದಿನವೂ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯನ್ನು ತೆರೆದು ನೋಡಲು ಒಬ್ಬ ನೌಕರನನ್ನು ಹೊಣೆಯಾಗಿಸಿದರೆ ಅರ್ಧ ಕೆಲಸ ಆದಂತೆ.

ತಪ್ಪು ವ್ಯಾಪಾರದಲ್ಲಿ ಸಹಜ. ಅದು ಎಷ್ಟು ಬೇಗ ಹುಟ್ಟಿದ ಜಾಗಕ್ಕೆ ಮರಳಿ ತಿದ್ದಿಸಿಕೊಂಡು ಬರುತ್ತದೆ ಎಂಬುದರ ಮೇಲೆ ಸಣ್ಣ ಘಟಕದ ಕೈಯಲ್ಲಿ ಎಷ್ಟು ಹಣ ಓಡಾಡುತ್ತದೆ ಎಂಬುದು ನಿಂತಿದೆ. ಆ ದಾರಿಯನ್ನು ಜಾಲದೊಳಗೆ ಕಟ್ಟುವ ಹೊಣೆ ಸರ್ಕಾರದ್ದು ಮತ್ತು ತಂತ್ರಜ್ಞರದ್ದು. ಅದರಲ್ಲಿ ಎಡವಿದ ಪ್ರತಿ ಸಂದರ್ಭವನ್ನು ದಿನಾಂಕ ಮತ್ತು ಮೊತ್ತದೊಂದಿಗೆ ತಮ್ಮ ಸಂಘಗಳಿಗೆ ಬರೆದು ತಿಳಿಸುವ ಹೊಣೆ ಸದಸ್ಯರದ್ದು.